ನಾನು ನೋಡದ ನವರಂಗ

ನನ್ನ ತವರು ಶಿಕಾರಿಪುರ. ಮದುವೆಯಾಗಿ ಸೊರಬಕ್ಕೆ ಬಂದು ಹದಿನೈದು ವರ್ಷದ ಮೇಲಾಯಿತು. ಉಳವಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರಿನ ಪಂಚಾಯಿತಿ ಲೈಬ್ರರಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಕೋಣೆ, ಎರಡು ಕಿಟಕಿ, ನಾಲ್ಕು ಕಬ್ಬಿಣದ ಬೀರು. ಬೆಳಿಗ್ಗೆ ಪೇಪರ್ ಓದಲು ಬರುವ ಏಳೆಂಟು ಗಂಡಸರನ್ನು ಬಿಟ್ಟರೆ ಉಳಿದ ಹೊತ್ತು ಅದು ಮಕ್ಕಳದ್ದೇ. ಭಾನುವಾರ ಮಕ್ಕಳಿಗೆ ಏನಾದರೂ ಚಟುವಟಿಕೆ ಮಾಡಿಸಿ ಎಂದು ಮೇಲಿನಿಂದ ಸೂಚನೆ ಬಂದಾಗ ನನಗೆ ತೋಚಿದ್ದು ಕೇರಂ ಆಡಿಸುವುದು ಮತ್ತು ಕಥೆ ಓದಿಸುವುದು, ಅಷ್ಟೇ. ಹಕ್ಕಿಗಳ ವಿಚಾರ ನನ್ನ ತಲೆಯಲ್ಲೇ ಇರಲಿಲ್ಲ. ಕಾಗೆ, ಗುಬ್ಬಿ, ಗಿಳಿ, ಕೊಕ್ಕರೆ ಗೊತ್ತಿತ್ತು. ಮಿಕ್ಕಿದ್ದೆಲ್ಲ ನನಗೆ ಬರೀ ಹಕ್ಕಿ.

ಅದನ್ನು ತಲೆಗೆ ಹಾಕಿದವರು ಶಿಕಾರಿಪುರದ ಒಬ್ಬ ಗಾದಿ ಅಂಗಡಿಯ ಮುದುಕರು. ನಾನು ಚಿಕ್ಕವಳಿದ್ದಾಗಿನಿಂದ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ನಮ್ಮ ಬೀದಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದರು. ಅಂಗಡಿಯನ್ನು ಈಗ ಅವರ ಮಗ ನಡೆಸುತ್ತಾರೆ, ಹತ್ತಿ ಹಿಂಜಲು ಮೆಷಿನ್ ಬಂದಿದೆ. ಆದರೆ ಚಾಚಾ ವಯಸ್ಸಿನಲ್ಲಿದ್ದಾಗ ಹತ್ತಿ ಹಿಂಜುವ ದೊಡ್ಡ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಉಡುತಡಿ, ಹೊಸಬಾಳೆ ಎಂದು ಊರೂರು ತಿರುಗಿದವರು. ಒಂದೊಂದು ಊರಿನಲ್ಲಿ ಎರಡು ದಿನ, ಮೂರು ದಿನ. ಯಾರದ್ದೋ ಜಗಲಿಯ ಮೇಲೆ ಕೂತು ಹತ್ತಿ ಹಿಂಜುತ್ತ, ಎದುರಿನ ಮರದಲ್ಲಿ ಕೂಗುವ ಹಕ್ಕಿಗಳನ್ನು ಕೇಳುತ್ತ ಕಲಿತದ್ದು ಅವರ ವಿದ್ಯೆ. ಹೆಸರುಗಳನ್ನು ಆಮೇಲೆ ಯಾರೋ ಮೇಷ್ಟ್ರು ಕೊಟ್ಟ ಪುಸ್ತಕದಿಂದ ಹೊಂದಿಸಿಕೊಂಡರಂತೆ.

ಇದು ನನಗೆ ಗೊತ್ತಾದದ್ದು ಅಮ್ಮನ ಹಳೆಯ ಗಾದಿಯನ್ನು ಬಿಚ್ಚಿ ಹೊಸದು ಮಾಡಿಸಲು ಹೋದಾಗ. ಚಾಚಾ ಒಂದು ಮೂಲೆಯಲ್ಲಿ ಕೂತು, ಎರಡು ಎಲೆ ಸೇರಿಸಿ ಹೊಲಿದಿದ್ದ ಪುಟ್ಟ ಗೂಡೊಂದನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ನನ್ನನ್ನು ಕಂಡವರೇ ಒಳಗಿನ ಹತ್ತಿಯ ಎಳೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ತೋರಿಸಿದರು.

"ಸಿಂಪಿಗ ಹಕ್ಕೀದು. ಮರಿ ಹಾರಿಹೋದ ಮೇಲೆ ತಂದೀನಿ. ನೋಡು ಬೇಟಿ, ಇದು ಬೂರುಗದ ಹತ್ತಿ. ಈ ಇನ್ನೊಂದು ಎಳೆ ಮಾತ್ರ ನಮ್ಮ ಅಂಗಡೀದು. ಹಿಂಜಿದ ಹತ್ತಿ ಐತಿ. ಕಳ್ಳಿ, ನಮ್ಮ ಬಾಗಿಲಿಂದಾನೇ ಒಯ್ದಾಳೆ!"

ಅಂಥ ಖುಷಿಯನ್ನು ನಾನು ದೊಡ್ಡವರ ಮುಖದಲ್ಲಿ ನೋಡಿದ್ದು ಕಡಿಮೆ. ಅಲ್ಲೇ ನಿಂತು, ನಮ್ಮ ಲೈಬ್ರರಿ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡ್ತೀರಾ ಚಾಚಾ ಎಂದು ಕೇಳಿದೆ.

"ಹೇಳಿಕೊಡೋದು ಏನೈತಿ? ಜತೆಗೆ ಕೂತು ಕೇಳೋದು," ಅಂದರು.

ತಿಂಗಳಿಗೊಂದು ಭಾನುವಾರ ಬರತೊಡಗಿದರು. ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ, ಸೊರಬದಿಂದ ನಮ್ಮೂರಿಗೆ, ಮೂರು ಬಸ್ಸು. ಮೊದಲ ಬಸ್ಸು ಹತ್ತಿದರೂ ನಮ್ಮಲ್ಲಿಗೆ ಬರುವಾಗ ಬಿಸಿಲು ಏರಿರುತ್ತಿತ್ತು. ಆಗ ಎಪ್ಪತ್ತು ದಾಟಿದ್ದ ಅವರಿಗೆ ಆ ಓಡಾಟ ಸುಲಭವಿರಲಿಲ್ಲ.

ಅವರು ಮಕ್ಕಳಿಂದ ಮಾಡಿಸಿದ ಮೊದಲ ಕೆಲಸ ಶಬ್ದದ ನಕಾಶೆ. ಊರ ಪಕ್ಕದ ಕಾನಿನ ಅಂಚಿನಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿದರು. ಕಾನು ಎಂದರೆ ನಮ್ಮ ಕಡೆ ಊರಿನವರು ಉಳಿಸಿಕೊಂಡು ಬಂದ ದಟ್ಟ ಕಾಡು. ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಳೆ. ಹಾಳೆಯ ನಡುವೆ ಒಂದು ಚುಕ್ಕೆ, ಅದು ನೀವು. ಕಣ್ಣು ಮುಚ್ಚಿ. ಯಾವ ದಿಕ್ಕಿನಿಂದ ದನಿ ಬಂತೋ ಆ ದಿಕ್ಕಿನಲ್ಲಿ ಒಂದು ಗುರುತು ಹಾಕಿ, ಹತ್ತಿರದ್ದಾದರೆ ಹತ್ತಿರ, ದೂರದ್ದಾದರೆ ದೂರ. ಹೆಸರು ಗೊತ್ತಿಲ್ಲದಿದ್ದರೆ ಅದು ಹೇಗೆ ಕೂಗಿತೋ ಹಾಗೇ ಬರೆಯಿರಿ. ಮಕ್ಕಳು 'ಟುಕ್ ಟುಕ್', 'ಕಿರ್ರ್', 'ಸೈಕಲ್ ಪಂಪು' ಎಂದೆಲ್ಲ ಬರೆದರು. ಆಮೇಲೆ ಹಾಳೆಗಳನ್ನು ನೆಲದ ಮೇಲೆ ಜೋಡಿಸಿದಾಗ ಇಡೀ ಕಾನು ಅಲ್ಲಿ ಬಿದ್ದಿತ್ತು. ನನ್ನ ಹಾಳೆಯಲ್ಲಿ ಮೂರೇ ಗುರುತಿದ್ದವು, ಅದರಲ್ಲಿ ಒಂದು ಬೈಕಿನದು.

ಹೀಗೆ ಒಂದು ವರ್ಷ ನಡೆಯಿತು. ಪಾಳು ಬಿದ್ದ ಗೀಜಗನ ಗೂಡನ್ನು ಬಿಚ್ಚಿ ಹುಲ್ಲಿನ ಎಳೆ ಎಣಿಸಿದರು. ಕೆರೆಯ ಕೆಸರಿನಲ್ಲಿ ಮೂಡಿದ ಹೆಜ್ಜೆಗಳ ಮೇಲೆ ಗಾರೆ ಸುರಿದು ಅಚ್ಚು ತೆಗೆದರು. ಹತ್ತಿರದ ಹೈಸ್ಕೂಲಿನ ವಿಜ್ಞಾನದ ಟೀಚರ್ ಒಬ್ಬರು ತಾವಾಗೇ ಬಂದು ಸೇರಿಕೊಂಡರು. ಅವರ ಹತ್ತಿರ ಬೈನಾಕ್ಯುಲರ್ ಇತ್ತು. ಲೈಬ್ರರಿಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರುಗಳ ಹಿಂಬದಿ ಅಂಟಿಸಿ ಹಕ್ಕಿಗಳ ಪಟ್ಟಿ ಮಾಡಿದೆವು: ಹಕ್ಕಿಯ ಹೆಸರು, ಎಲ್ಲಿ ಕಂಡಿತು, ಮೊದಲು ಕಂಡವರು ಯಾರು. ಪೇಪರ್ ಓದಲು ಬರುವ ಗಂಡಸರು ಅದಕ್ಕೆ 'ಹಕ್ಕಿ ಪಹಣಿ' ಎಂದು ಹೆಸರಿಟ್ಟರು. ತಮಾಷೆಗೆ ಶುರು ಮಾಡಿದವರು ಕೊನೆಗೆ ಗದ್ದೆಯಿಂದ ಬರುತ್ತ ತಾವೂ ಒಂದೊಂದು ಹಕ್ಕಿ ಹೇಳತೊಡಗಿದರು.

ಒಂದೊಂದಾಗಿ ಎಲ್ಲರ ಹೆಸರೂ ಪಹಣಿಯಲ್ಲಿ ಬಂತು. ಎರಡನೇ ಕ್ಲಾಸಿನ ಮಗುವಿನದೂ ಬಂತು. ನನ್ನದು ಬರಲಿಲ್ಲ. ನಾನು ಹಕ್ಕಿ ನೋಡುವಷ್ಟರಲ್ಲಿ ಬೇರೆ ಯಾರೋ ಕೂಗಿರುತ್ತಿದ್ದರು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು, ಎಲ್ಲದರಲ್ಲೂ ಮುಂದೆ. ಅವಳೇ ಒಂದು ದಿನ ಎಲ್ಲರೆದುರು ಅಂದಳು, "ಮೇಡಂ, ಪಹಣೀಲಿ ನಿಮ್ಮ ಹೆಸ್ರೇ ಇಲ್ವಲ್ಲ! ನಿಮ್ಗೆ ಎಂತದೂ ಕಾಣಲ್ವ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಅದು ಮುಳ್ಳಿನ ಹಾಗೆ ಕೂತಿತು. ನಲವತ್ತರ ಹೆಂಗಸು, ಮಕ್ಕಳ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದು ಕೊರಗಿದ್ದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ದೀಪಾವಳಿ ಕಳೆದು ಒಂದು ವಾರ ಆಗಿರಬೇಕು. ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆಯುವ ಮೊದಲು ಕಾನಿನ ದಾರಿಯಲ್ಲಿ ಒಬ್ಬಳೇ ನಡೆದು ಬರುತ್ತಿದ್ದೆ. ಬಲಗಡೆಯ ಪೊದೆಯಿಂದ ಏನೋ ಹಸಿರು, ಜೊತೆಗೆ ಒಂದಿಷ್ಟು ಬೇರೆ ಬಣ್ಣ, ನೆಲದ ಹತ್ತಿರ ಚಕ್ಕನೆ ಹಾರಿ ಒಳಗೆ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಗಿಳಿಯೋ, ಬೇರೇನೋ. ನಾನು ನೋಡಿದ್ದು ಇಷ್ಟೇ.

ಲೈಬ್ರರಿಗೆ ಬಂದು ಪುಸ್ತಕ ತೆಗೆದೆ. ಹಸಿರು ಬೆನ್ನು, ನೆಲದಲ್ಲಿ ಓಡಾಟ, ಮಳೆ ಮುಗಿದ ಮೇಲೆ ಈ ಕಡೆ ಬರುವ ವಲಸೆ ಹಕ್ಕಿ: ನವರಂಗ. ಚಿತ್ರದಲ್ಲಿ ಹೊಟ್ಟೆಯ ಕೆಳಗಿನ ಕೆಂಪು, ಕಣ್ಣಿನ ಮೇಲಿನ ಕಪ್ಪು ಪಟ್ಟಿ, ಮೋಟು ಬಾಲ ಎಲ್ಲ ಇತ್ತು. ನೋಡುತ್ತ ನೋಡುತ್ತ ಅವನ್ನೂ ನಾನು ಕಂಡಿದ್ದೆ ಅನ್ನಿಸಿತು. ಅನ್ನಿಸಿತು ಎಂದು ಬರೆದರೂ ಅದು ಪೂರ್ತಿ ನಿಜವಲ್ಲ. ಕಂಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸ್ಕೆಚ್ ಪೆನ್ನಿನಲ್ಲಿ ಪಹಣಿಯ ಕೊನೆಗೆ ಬರೆದೆ: ನವರಂಗ, ಕಾನಿನ ದಾರಿ. ಮೂರನೆಯ ಕಾಲಂನಲ್ಲಿ ನನ್ನ ಹೆಸರು.

ಸಂಜೆ ಮಕ್ಕಳು ಬಂದು ಕುಣಿದರು. ಟೀಚರ್ ಮಾತ್ರ ಕೇಳಿದರು, "ಫೋಟೋ ತೆಗೆದ್ರಾ?" ಫೋನ್ ಚೀಲದಲ್ಲಿತ್ತು ಎಂದೆ. ಅದು ನಿಜವೇ ಆಗಿತ್ತು. "ಹೇಗಿತ್ತು?" ಎಂದರು. ಪುಸ್ತಕದಲ್ಲಿದ್ದ ಹಾಗೇ ಹೇಳಿದೆ. ಅವರೇ ರಾತ್ರಿ ಚಾಚಾಗೆ ಫೋನ್ ಮಾಡಿ ಹೇಳಿಬಿಟ್ಟರು.

ಚಾಚಾ ತಿಂಗಳು ತುಂಬುವವರೆಗೆ ಕಾಯಲಿಲ್ಲ. ಮರು ಭಾನುವಾರವೇ ಬಂದರು. ಬಸ್ಸಿಳಿದವರು ಚಹಾ ಕುಡಿಯಲಿಲ್ಲ, ಕೂರಲಿಲ್ಲ.

"ಎಲ್ಲಿ ಬೇಟಿ? ಜಾಗ ತೋರ್ಸು."

ದಾರಿಯಲ್ಲಿ ಹೇಳಿದರು. ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಉಡುತಡಿಯ ಹತ್ತಿರ ಬಿದಿರು ಮೆಳೆಯ ಕೆಳಗೆ ಒಮ್ಮೆ ನವರಂಗವನ್ನು ನೋಡಿದ್ದರಂತೆ. ಹೊಸದಾಗಿ ಮದುವೆಯಾಗಿದ್ದರು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ, ಒಂಬತ್ತು ಬಣ್ಣದ ಹಕ್ಕಿ ಎಲ್ಲಿರುತ್ತದೆ, ನನ್ನನ್ನು ಮಂಗ ಮಾಡಬೇಡಿ ಎಂದು ಆಕೆ ನಕ್ಕಿದ್ದರಂತೆ. "ತೋರಿಸ್ತೀನಿ ಅಂದಿದ್ದೆ. ಮತ್ತೆ ಸಿಗಲೇ ಇಲ್ಲ. ಅವಳೂ ಹೋದಳು," ಎಂದರು.

ಆಗಲಾದರೂ ಹೇಳಬಹುದಿತ್ತು. ಆದರೆ ಹಿಂದೆ ಹತ್ತು ಮಕ್ಕಳು ಬರುತ್ತಿದ್ದರು, ಟೀಚರ್ ಇದ್ದರು. ನಾನು ಆ ಪೊದೆಯನ್ನು ಕೈ ಮಾಡಿ ತೋರಿಸಿದೆ. ಚಾಚಾ ಅದರೆದುರು ಒಂದು ಕಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕೂತರು. ಟೀಚರ್ ಫೋನಿನಲ್ಲಿ ನವರಂಗದ ಕೂಗು ಹಾಕಿ ಕರೆಯೋಣವೇ ಎಂದಾಗ ಕೈ ಅಡ್ಡ ಹಿಡಿದರು.

"ಬ್ಯಾಡ್ರೀ ಟೀಚರ್. ಸುಳ್ಳು ಕರೆ ಕೇಳಿ ಅದು ತನ್ನೋರು ಅಂತ ಬರ್ತದೆ. ಪಾಪ, ಹುಡುಕಿ ಹುಡುಕಿ ಸಾಯ್ತದೆ."

ಅದರ ಮುಂದಿನ ಭಾನುವಾರವೂ ಬಂದರು. ಅದರ ಮುಂದಿನದಕ್ಕೂ. ಚಳಿ ಜಾಸ್ತಿಯಾಯಿತು. ಮೂರು ಬಸ್ಸು ಹಿಡಿದು ಬರುವುದರಲ್ಲಿ ಹೊತ್ತು ಮೀರುತ್ತದೆ, ನವರಂಗ ತನ್ನ ಎರಡು ಸಿಳ್ಳೆ ಹಾಕುವುದು ಬೆಳಗಿನ ಜಾವ ಮತ್ತು ಸಂಜೆ ಎಂದು ಶನಿವಾರವೇ ಬಂದು ಸೊರಬದ ಸಂಬಂಧಿಕರ ಮನೆಯಲ್ಲಿ ಉಳಿಯತೊಡಗಿದರು. ಒಂದು ಕೆಂಪು ಮಫ್ಲರ್, ಒಂದು ಟಿಫಿನ್ ಡಬ್ಬಿ. ಪ್ರತಿ ಸಲವೂ ಅವರು ಇನ್ನು ಬರದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದಾಗ ಬಿಸಿ ಬಿಸಿ ಚಹಾ ಮಾಡಿ ಫ್ಲಾಸ್ಕಿನಲ್ಲಿ ಒಯ್ದು ಕೊಡುತ್ತಿದ್ದೆ. ತಪ್ಪು ಮಾಡಿದವರು ಉಪಚಾರ ಜಾಸ್ತಿ ಮಾಡುತ್ತಾರೆ.

ಆರನೆಯ ವಾರವೋ ಏಳನೆಯದೋ. ಸಂಜೆ, ಹೊತ್ತು ಮುಳುಗುವ ಸಮಯ. ಕಾನಿನ ಅಂಚಿನಲ್ಲಿ ಚಾಚಾ, ನಾನು ಮತ್ತು ಆ ಎಂಟನೇ ಕ್ಲಾಸಿನ ಹುಡುಗಿ ಮೂರೇ ಜನ. ಚಾಚಾ ಬಹಳ ದಣಿದಿದ್ದರು. ಕಲ್ಲಿನಿಂದ ಏಳುವಾಗ ನನ್ನ ಭುಜ ಹಿಡಿದುಕೊಂಡರು. ಆಗ ನನಗೆ ಒಂದು ಯೋಚನೆ ಬಂತು. ಅದನ್ನು ಕರುಣೆ ಅಂದುಕೊಂಡಿದ್ದೆ. ಇವರಿಗೆ ಕೂಗಾದರೂ ಕೇಳಿತು ಎಂದಾದರೆ ಸಮಾಧಾನವಾದೀತು, ಈ ಅಲೆದಾಟ ನಿಂತೀತು ಎಂದುಕೊಂಡೆ. ದೂರದಲ್ಲಿ ಯಾವುದೋ ಹಕ್ಕಿ ಮರಕ್ಕೆ ಹಿಂದಿರುಗುವಾಗಿನ ಗಲಾಟೆ ಮಾಡುತ್ತಿತ್ತು. ನಾನು ಬೆರಳೆತ್ತಿದೆ.

"ಚಾಚಾ! ಅದೇ! ಎರಡು ಸಿಳ್ಳೆ, ಕೇಳಿಸ್ತಾ?"

ಚಾಚಾ ನಿಂತಲ್ಲೇ ನಿಂತರು. ಮಫ್ಲರ್ ಬಿಚ್ಚಿ ಕಿವಿಗೆ ಕೈ ಹಿಡಿದರು. ಕಣ್ಣು ಮುಚ್ಚಿದರು. ತುಂಬ ಹೊತ್ತು ಹಾಗೇ ಇದ್ದರು.

"ಇಲ್ಲ ಬೇಟಿ," ಅಂದರು. "ಗಲಾಟೆ ಮಾಡೋದು ಗೊರವಂಕ. ಸಿಳ್ಳೆ ಇಲ್ಲ."

"ಇತ್ತು ಚಾಚಾ. ಈಗ ನಿಂತುಹೋಯ್ತು."

ಅವರು ಹುಡುಗಿಯ ಕಡೆ ತಿರುಗಿದರು. "ನಿಂಗೆ ಕೇಳ್ತಾ, ಮಗಾ?"

ಅವಳು ನನ್ನ ಮುಖ ನೋಡಿದಳು. "ಹೌದು ಚಾಚಾ. ನಂಗೂ ಕೇಳ್ತು."

ಚಾಚಾ ಮಫ್ಲರನ್ನು ನಿಧಾನವಾಗಿ ಸುತ್ತಿಕೊಂಡರು. ಬಸ್ಸಿನವರೆಗೆ ಮೂವರೂ ನಡೆದೆವು. ಹತ್ತುವಾಗ ಚಾಚಾ ಒಂದೇ ಮಾತು ಹೇಳಿದರು, "ಚಲೋ ಆತು. ನಿಮಗಾದರೂ ಕೇಳ್ತಲ್ಲ."

ಆಮೇಲೆ ಅವರು ಬರಲಿಲ್ಲ. ಮೊದಲ ವಾರ ಚಳಿಗೆ ಹುಷಾರಿಲ್ಲವೇನೋ ಎಂದುಕೊಂಡೆವು. ಮುಂದಿನ ತಿಂಗಳೂ ಬಾರದಿದ್ದಾಗ ಟೀಚರ್ ಫೋನ್ ಮಾಡಿದರು. ಕೇಳದ ಕಿವಿ ಇಟ್ಟುಕೊಂಡು ಮಕ್ಕಳಿಗೆ ಏನು ಹೇಳಿಕೊಡಲಿ, ನೀವಿಬ್ಬರೂ ಕಲಿತಿದ್ದೀರಿ, ನಡೆಸಿಕೊಂಡು ಹೋಗಿ ಎಂದರಂತೆ. ಶಿಕಾರಿಪುರದ ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಿದ್ದವರು ಅದನ್ನೂ ಬಿಟ್ಟಿದ್ದರು.

ನಾನು ಅಂಗಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದು. ಚಾಚಾ ಒಳಗೆ ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದರು. ಅವರ ಸೊಸೆ ಚಹಾ ತಂದು ಕೊಟ್ಟು ಅಲ್ಲೇ ನಿಂತರು.

"ಕಿವಿ ಡಾಕ್ಟ್ರಿಗೆ ತೋರಿಸಿದ್ವಿ ಅಕ್ಕಾ," ಎಂದರು ಆಕೆ. "ಇವರ ವಯಸ್ಸಿಗೆ ಕಿವಿ ಎಷ್ಟೋ ಚೆನ್ನಾಗೈತಿ ಅಂದ್ರು. ಇವರು ನಂಬೋದೇ ಇಲ್ರೀ."

ಚಾಚಾ ದಾರ ಕಚ್ಚಿ ಕತ್ತರಿಸಿ ನಕ್ಕರು. "ಮೆಷಿನ್ ಬೀಪ್ ಅನ್ನೋದು ಕೇಳ್ತದೆ. ಅದರಿಂದ ಏನು? ಹಕ್ಕಿ ಕೇಳಿಸಲಿಲ್ಲ ಅಂದ್ರೆ ಕೇಳಿಸಲಿಲ್ಲ. ಇವಳು ಪಕ್ಕದಲ್ಲೇ ನಿಂತಿದ್ಲು, ಇವಳಿಗೆ ಕೇಳ್ತು. ಚಿಕ್ಕ ಹುಡುಗಿಗೂ ಕೇಳ್ತು."

ಡಾಕ್ಟರ ಮಾತಿಗಿಂತ ನನ್ನ ಮಾತನ್ನು ಅವರು ನಂಬಿದ್ದರು. ಆ ಚಹಾವನ್ನು ನಾನು ಹೇಗೆ ಕುಡಿದೆನೋ ಗೊತ್ತಿಲ್ಲ. ಸೊಸೆ ಅಲ್ಲಿಂದ ಹೋಗಲಿ ಎಂದು ಕಾದೆ, ಆಕೆ ಹೋದ ಮೇಲೆ ಮಗ ಬಂದರು, ಆಮೇಲೆ ಗಿರಾಕಿಗಳು. ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ. ಜನ ಇದ್ದರು ಎಂಬುದು ನೆಪ. ಹೊರಗೆ ಕರೆದಿದ್ದರೆ ಚಾಚಾ ಬರುತ್ತಿದ್ದರು.

ಕೊನೆಗೆ ನನ್ನ ಬಾಯಿ ಬಿಡಿಸಿದ್ದು ಆ ಹುಡುಗಿ. ಪರೀಕ್ಷೆಗೆ ಮೊದಲು ಒಂದು ಸಂಜೆ ಪುಸ್ತಕ ವಾಪಸು ಕೊಡಲು ಬಂದವಳು ಹೋಗದೆ ಬಾಗಿಲಲ್ಲೇ ನಿಂತಳು.

"ಮೇಡಂ, ಅವತ್ತು ನಂಗೆ ಎಂತದೂ ಕೇಳಿರ್ಲಿಲ್ಲ."

ನಾನು ತಲೆಯೆತ್ತಿದೆ.

"ನಿಮ್ಗೆ ಕೇಳ್ತು ಅಂದ್ರಲ್ಲ. ನಂಗೆ ಮಾತ್ರ ಕೇಳ್ಲಿಲ್ಲ ಅಂದ್ರೆ ಹೆಂಗೆ ಅಂತ ಹಂಗಂದೆ. ಚಾಚಾ ಬರ್ದೇ ಇರೋದು ನನ್ನಿಂದಾನೇ ಅಲ್ವಾ ಮೇಡಂ?" ಎಂದವಳೇ ಅಳತೊಡಗಿದಳು.

ಮೂರು ತಿಂಗಳು ಆ ಮಗು ಅದನ್ನು ಹೊತ್ತುಕೊಂಡು ಓಡಾಡಿತ್ತು. ನಾನು ಅವಳನ್ನು ಒಳಗೆ ಕರೆದು ಕೂರಿಸಿ ನಿಜ ಹೇಳಿದೆ. ನನಗೂ ಏನೂ ಕೇಳಿರಲಿಲ್ಲ, ಪೊದೆಯಲ್ಲಿ ನವರಂಗವನ್ನೂ ನಾನು ನೋಡಿರಲಿಲ್ಲ ಎಂದೆ. ಅವಳ ಅಳು ನಿಂತಿತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ಅರ್ಥವಾಗದವಳ ಹಾಗೆ ನೋಡಿ, "ಮತ್ತೆ ಯಾಕೆ ಮೇಡಂ?" ಎಂದಳು. ಅವಳ ಎದುರೇ ಪಹಣಿಯ ಆ ಸಾಲಿಗೆ ಗೀಟು ಎಳೆದೆ. ಮುಂದಿನ ಭಾನುವಾರ ಎಲ್ಲ ಮಕ್ಕಳಿಗೂ, ಟೀಚರಿಗೂ ಹೇಳಿದೆ. ಟೀಚರ್ ಬರುವುದು ಮೆಲ್ಲಗೆ ಕಡಿಮೆಯಾಯಿತು.

ಅದಾದ ಮಾರನೆಯ ದಿನ ರಜೆ ಹಾಕಿ ಶಿಕಾರಿಪುರಕ್ಕೆ ಹೋದೆ. ಈ ಸಲ ಚಾಚಾರನ್ನು ಹೊರಗೆ ಕರೆದೆ. ಅಂಗಡಿಯ ಹಿಂದೆ ಹತ್ತಿ ಒಣಹಾಕುವ ಬಯಲಿನಲ್ಲಿ ಒಂದು ಕಟ್ಟೆ ಇದೆ. ಅಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಹೇಳಿದೆ. ನಿಮ್ಮ ಕಿವಿಗೆ ಏನೂ ಆಗಿಲ್ಲ ಚಾಚಾ, ಕೂಗದೇ ಇದ್ದ ಹಕ್ಕಿ ನಿಮಗೆ ಕೇಳಲಿಲ್ಲ ಅಷ್ಟೇ ಎಂದೆ.

ಅವರು ತಮ್ಮ ಕೈ ಬೆರಳುಗಳಿಗೆ ಅಂಟಿದ್ದ ಹತ್ತಿಯ ನೂಲನ್ನು ಒಂದೊಂದಾಗಿ ತೆಗೆದರು.

"ಹಂಗಾದ್ರೆ ಮೊದಲನೇ ದಿನ ಹಸಿರು ಹಾರಿತಲ್ಲ, ಅದು ಏನು?"

"ಗೊತ್ತಿಲ್ಲ ಚಾಚಾ."

"ಗೊತ್ತಿಲ್ಲ ಅಂತಾನೇ ಬರೆದಿದ್ರೆ ಆಗಿತ್ತು," ಎಂದರು. "ನಾನು ಐವತ್ತು ವರ್ಷದಿಂದ ಕೇಳಿದ ಹಕ್ಕೀಲಿ ಅರ್ಧ ಇನ್ನೂ ಗೊತ್ತಿಲ್ಲ." ಆಮೇಲೆ, "ಆ ಹುಡುಗಿಗೆ ಬೈಬೇಡ. ಅದು ನಿನ್ನ ಮೇಲಿನ ಮರ್ಯಾದೆಗೆ ಹಂಗಂತು," ಎಂದರು. ಚಹಾ ಕುಡಿದು ಹೋಗು ಎಂದರು. ನಾನು ಅತ್ತೆ, ಅವರು ನೋಡದ ಹಾಗೆ ಬೇರೆ ಕಡೆ ತಿರುಗಿದರು.

ನಿಜ ಹೇಳಿದ ಮೇಲೆ ಎಲ್ಲ ಮೊದಲಿನ ಹಾಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮಕ್ಕಳು ಚೀಟಿ ಬರೆದು ಕಳಿಸಿದ ಮೇಲೆ ಚಾಚಾ ಒಮ್ಮೆ ನಮ್ಮೂರಿಗೆ ಬಂದರು. ಗೂಡು, ಗರಿ ಎಲ್ಲ ತೋರಿಸಿದರು, ನಗಿಸಿದರು. ಆದರೆ ಕಾನಿನ ಅಂಚಿನಲ್ಲಿ ಕೂತಾಗ ತಾವಾಗಿ ಒಂದು ಹೆಸರನ್ನೂ ಹೇಳಲಿಲ್ಲ. ಮಕ್ಕಳು ಕೇಳಿದರೆ, "ನಿಮಗೆ ಏನು ಅನ್ನಿಸ್ತು?" ಎಂದು ಅವರನ್ನೇ ಕೇಳುತ್ತಿದ್ದರು. ಅದು ಕಲಿಸುವ ಉಪಾಯ ಎಂದು ಮಕ್ಕಳು ತಿಳಿದರು.

ಈಗಲೂ ತವರಿಗೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತೇನೆ. ಹೋದ ತಿಂಗಳು ಒತ್ತಾಯ ಮಾಡಿ ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋದೆ. ಬೆಳಗಿನ ಎಳೆ ಬಿಸಿಲು. ಆಚೆಯ ಪೊದೆಯಿಂದ ಕೆಂಬೂತ 'ಹೂಪ್ ಹೂಪ್ ಹೂಪ್' ಎಂದು ಕೂಗತೊಡಗಿತು. ಊರಿನ ಎಳೆ ಮಕ್ಕಳಿಗೂ ಗೊತ್ತಿರುವ ದನಿ ಅದು. ಚಾಚಾ ನಿಂತು ನನ್ನ ತೋಳು ಹಿಡಿದರು.

"ಕೆಂಬೂತ ಅಲ್ವಾ ಬೇಟಿ? ಸರಿಯಾಗಿ ಕೇಳಿ ಹೇಳು."

"ಹೌದು ಚಾಚಾ, ಕೆಂಬೂತ," ಎಂದೆ.

"ಹಂ," ಎಂದು ತಲೆಯಾಡಿಸಿ ಮುಂದೆ ನಡೆದರು.